ರೋಹಿತದಲ್ಲಿ ಎಂ ಬಂದ್ರೆ ನಕ್ಷತ್ರ, ಎಲ್ ಬಂದ್ರೆ ಕಂದು ಕುಬ್ಜ. ಇಷ್ಟೇ ತಾನೇ?

ಪ್ರಶ್ನೆ: "ಸರ್, ಸೂರ್ಯನ ಅಕ್ಕಪಕ್ಕದಲ್ಲಿರುವ ಮಂಕು ಕಾಯಗಳನ್ನು ಅವಕೆಂಪು ರೋಹಿತ ನೋಡಿ ಗುರುತಿಸುತ್ತಾರಂತೆ. ರೋಹಿತ ಎಂ ವರ್ಗ ಅಂತ ಬಂದರೆ ಅದು ಪುಟ್ಟ ನಕ್ಷತ್ರ, ಎಲ್ ಅಥವಾ ಟಿ ಅಂತ ಬಂದರೆ ಕಂದು ಕುಬ್ಜ. ಇಷ್ಟೇ ತಾನೇ?"

ಇಷ್ಟೇ ಅಲ್ಲ. ಈ ಪ್ರಶ್ನೆ ನನಗೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಮೊದಲ ವಾಕ್ಯ ಬದಲಾಗುತ್ತದೆ, ಕೊನೆಯ "ಇಷ್ಟೇ ತಾನೇ" ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಹೊಸಬರಿಗಾಗಿ ನಾಲ್ಕು ಮಾತು. ರೋಹಿತ ಅಂದರೆ ಬೆಳಕನ್ನು ಅಲೆಗಳ ಉದ್ದದ ಪ್ರಕಾರ ಬಿಡಿಸಿಟ್ಟ ಪಟ್ಟಿ. ಅವಕೆಂಪು ಅಂದರೆ ಕೆಂಪಿಗಿಂತ ಉದ್ದನೆಯ ಅಲೆಗಳ, ಕಣ್ಣಿಗೆ ಕಾಣದ ಬೆಳಕು. ಕಂದು ಕುಬ್ಜ ಅಂದರೆ ನಕ್ಷತ್ರವಾಗುವಷ್ಟು ತೂಕ ಸಾಲದ ಕಾಯ. ಎಂ, ಎಲ್, ಟಿ, ವೈ ಅನ್ನುವುದು ರೋಹಿತ ನೋಡಿ ಕೊಡುವ ವರ್ಗದ ಹೆಸರುಗಳು, ಬಿಸಿಯದ್ದರಿಂದ ತಣ್ಣನೆಯದ್ದರ ಕಡೆಗೆ. ಈಗ ಮೊದಲು ಸರಿಯಾಗಿರುವ ಭಾಗ. ಅವಕೆಂಪಿನಲ್ಲಿ ಏಕೆ ನೋಡಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಕಾಯ ತಣ್ಣಗಾದಷ್ಟೂ ಅದರ ಬೆಳಕು ಉದ್ದನೆಯ ಅಲೆಗಳ ಕಡೆ ಜಾರುತ್ತದೆ. 3000 ಕೆಲ್ವಿನ್ ಇರುವ ಕೆಂಪು ಕುಬ್ಜ ನಕ್ಷತ್ರ ಸುಮಾರು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತಿರ ಅತಿ ಹೆಚ್ಚು ಬೆಳಗುತ್ತದೆ. 1000 ಕೆಲ್ವಿನ್ ಇದ್ದರೆ 3 ಮೈಕ್ರಾನ್ ಹತ್ತಿರ. ನಮ್ಮ ಕಣ್ಣು 0.7 ಮೈಕ್ರಾನ್‌ಗೇ ಕೈಚೆಲ್ಲುತ್ತದೆ. ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಇರುವುದು ಬರೀ 4.24 ಜ್ಯೋತಿರ್ವರ್ಷ ದೂರದಲ್ಲಿ. ಆದರೂ ಅದು ಬರಿಗಣ್ಣಿಗೆ ಕಾಣುವುದಿಲ್ಲ, 1915ರವರೆಗೆ ಅದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಹುಡುಕಾಟ ಶುರುವಾಗುವುದು ರೋಹಿತದಿಂದಲ್ಲ, ಫೋಟೊಗಳಿಂದ. 1997ರಿಂದ 2001ರವರೆಗೆ ಟೂಮಾಸ್ ಸಮೀಕ್ಷೆ ಇಡೀ ಆಕಾಶವನ್ನು ಅವಕೆಂಪಿನ ಮೂರು ಪಟ್ಟಿಗಳಲ್ಲಿ ಚಿತ್ರ ತೆಗೆಯಿತು. 2009ರ ಡಿಸೆಂಬರ್‌ನಲ್ಲಿ ಹಾರಿದ ವೈಸ್ ಉಪಗ್ರಹ ಇನ್ನೂ ಉದ್ದನೆಯ ಅಲೆಗಳಲ್ಲಿ ಅದೇ ಕೆಲಸ ಮಾಡಿತು. ಈ ಚಿತ್ರಗಳಲ್ಲಿ ಎರಡು ವಿಷಯ ನೋಡುತ್ತಾರೆ. ಒಂದು ಬಣ್ಣ, ಇನ್ನೊಂದು ಚಲನೆ. ಹತ್ತಿರದ ಕಾಯ ವರ್ಷದಿಂದ ವರ್ಷಕ್ಕೆ ಆಕಾಶದಲ್ಲಿ ಜಾಗ ಬದಲಿಸುತ್ತದೆ, ದೂರದ್ದು ಇದ್ದಲ್ಲೇ ಇದ್ದಂತೆ ಕಾಣುತ್ತದೆ. 2013ರಲ್ಲಿ ಖಗೋಳಜ್ಞ ಕೆವಿನ್ ಲುಹ್ಮನ್ ವೈಸ್ ಚಿತ್ರಗಳಲ್ಲಿ ಹೀಗೇ ಸರಿಯುತ್ತಿದ್ದ ಚುಕ್ಕೆಯೊಂದನ್ನು ಹಿಡಿದರು. ಅದು 6.5 ಜ್ಯೋತಿರ್ವರ್ಷ ದೂರದಲ್ಲಿರುವ ಎರಡು ಕಂದು ಕುಬ್ಜಗಳ ಜೋಡಿ, ಈಗ ಅದರ ಹೆಸರು ಲುಹ್ಮನ್ 16. ಹಳೆಯ ಚಿತ್ರಗಳಲ್ಲೂ ಅದು ಇತ್ತು, ಸ್ವಾಮಿ! ಆಕಾಶಗಂಗೆಯ ನಕ್ಷತ್ರಗಳ ಜಾತ್ರೆಯ ನಡುವೆ ಇದ್ದಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಚುಕ್ಕೆ ಸಿಕ್ಕ ಮೇಲೆ ರೋಹಿತ. ಇಲ್ಲಿ ಒಂದು ತಮಾಷೆ ಇದೆ. ಈ ಕಾಯಗಳ ವಾತಾವರಣದಲ್ಲಿ ನೀರಾವಿ ಜಾಸ್ತಿ, ಅದು 1.4 ಮತ್ತು 1.9 ಮೈಕ್ರಾನ್ ಹತ್ತಿರ ಬೆಳಕನ್ನು ನುಂಗುತ್ತದೆ. ಆದರೆ ನಮ್ಮ ಭೂಮಿಯ ಗಾಳಿಯಲ್ಲಿರುವ ನೀರಾವಿಯೂ ಅಲ್ಲೇ ನುಂಗುತ್ತದೆ! ಯಾರು ನುಂಗಿದರು ಅಂತ ತಿಳಿಯುವುದು ಹೇಗೆ? ಅದಕ್ಕೇ ಒಣಗಾಳಿಯ ಎತ್ತರದ ಬೆಟ್ಟಗಳಿಗೆ ಹೋಗುತ್ತಾರೆ. ಜೊತೆಗೆ, ನೋಡಬೇಕಾದ ಕಾಯದ ಪಕ್ಕದಲ್ಲೇ ಇರುವ ಒಂದು ಬಿಸಿ ಬಿಳಿ ನಕ್ಷತ್ರದ ರೋಹಿತವನ್ನೂ ತೆಗೆಯುತ್ತಾರೆ. ಆ ನಕ್ಷತ್ರದಲ್ಲಿ ನೀರಾವಿ ಇರಲು ಸಾಧ್ಯವೇ ಇಲ್ಲ. ಹಾಗಾಗಿ ಅದರಲ್ಲಿ ಕಂಡ ನೀರಿನ ಗುರುತೆಲ್ಲ ನಮ್ಮ ಗಾಳಿಯದ್ದೇ, ಅದನ್ನು ಲೆಕ್ಕದಿಂದ ಕಳೆಯಬಹುದು. ಇನ್ನೊಂದು ಅನುಕೂಲವೂ ಇದೆ. ಕುಬ್ಜದ ನೀರಾವಿ ಕಾದದ್ದು, ಅದರ ಪಟ್ಟಿ ನಮ್ಮ ತಣ್ಣನೆಯ ನೀರಾವಿಯ ಪಟ್ಟಿಗಿಂತ ಅಗಲ. ಹಾಗಾಗಿ ಅಂಚುಗಳು ಆಚೀಚೆ ಇಣುಕುತ್ತವೆ.

ನೀರಿನ ಜೊತೆ ಇನ್ನೇನು ನೋಡುತ್ತಾರೆ? 1.17 ಮತ್ತು 1.25 ಮೈಕ್ರಾನ್ ಹತ್ತಿರ ಪೊಟ್ಯಾಸಿಯಂ ಗೆರೆಗಳು. 0.99ರ ಹತ್ತಿರ ಕಬ್ಬಿಣದ ಹೈಡ್ರೈಡ್. 2.3ರಿಂದ ಮುಂದೆ ಕಾರ್ಬನ್ ಮಾನಾಕ್ಸೈಡ್. ಇವುಗಳಿಂದ ದೊಡ್ಡದೊಂದು ಮೋಸ ತಪ್ಪುತ್ತದೆ. ತುಂಬ ದೂರದ ಕೆಂಪು ದೈತ್ಯ ನಕ್ಷತ್ರವೂ ಚಿತ್ರದಲ್ಲಿ ಇದೇ ಥರ ಮಂಕು ಕೆಂಪು ಚುಕ್ಕೆಯಾಗಿ ಕಾಣಬಹುದು. ಆದರೆ ದೈತ್ಯದ ಮೇಲ್ಪದರ ತೆಳು, ಗುರುತ್ವ ಕಡಿಮೆ. ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಜೋರು, ಪೊಟ್ಯಾಸಿಯಂ ಮತ್ತು ಕಬ್ಬಿಣದ ಹೈಡ್ರೈಡ್ ದುರ್ಬಲ. ಕುಬ್ಜದಲ್ಲಿ ಒತ್ತಡ ಜಾಸ್ತಿ, ಪೊಟ್ಯಾಸಿಯಂ ಗೆರೆಗಳು ದಪ್ಪಗೆ ಎದ್ದು ಕಾಣುತ್ತವೆ. ಇದನ್ನು ಒಮ್ಮೆ ಕಲಿತರೆ ಒಂದು ನೋಟಕ್ಕೇ ಗೊತ್ತಾಗುತ್ತದೆ.

ಕಾಯ ಇನ್ನೂ ತಣ್ಣಗಾಗಿ 1300 ಕೆಲ್ವಿನ್‌ಗಿಂತ ಕೆಳಗೆ ಬಂದರೆ ಕಾರ್ಬನ್ ಮಾನಾಕ್ಸೈಡ್ ಹಿಂದೆ ಸರಿದು ಮೀಥೇನ್ ಬರುತ್ತದೆ. 1.6 ಮತ್ತು 2.2 ಮೈಕ್ರಾನ್ ಆಚೆ ಅದು ಬೆಳಕನ್ನು ಕತ್ತರಿಸುತ್ತದೆ. 1995ರಲ್ಲಿ ಗ್ಲೀಸ್ 229 ಎಂಬ ಕೆಂಪು ಕುಬ್ಜದ ಪಕ್ಕದಲ್ಲಿ ಸಿಕ್ಕ ಮಂಕು ಸಂಗಾತಿಯ ರೋಹಿತದಲ್ಲಿ ಮೀಥೇನ್ ಕಂಡಾಗ, ಅದು ಕಂದು ಕುಬ್ಜವೋ ಅಲ್ಲವೋ ಅನ್ನುವ ವಾದಕ್ಕೆ ಜಾಗವೇ ಉಳಿಯಲಿಲ್ಲ. ಗುರು ಗ್ರಹದಲ್ಲಿ ಮೀಥೇನ್ ಇದೆ, ಯಾವ ನಕ್ಷತ್ರದಲ್ಲೂ ಇಲ್ಲ. ಅಂದ ಹಾಗೆ, ಇದೇ ಮೀಥೇನ್‌ನಿಂದಾಗಿ ಟಿ ವರ್ಗದ ಕಾಯಗಳು ಹತ್ತಿರದ ಅವಕೆಂಪಿನಲ್ಲಿ ಎಲ್ ವರ್ಗದವುಗಳಿಗಿಂತ ನೀಲಿಯಾಗಿ ಕಾಣುತ್ತವೆ. ತಣ್ಣಗಾದಷ್ಟೂ ಕೆಂಪಾಗುತ್ತಾ ಹೋಗುತ್ತದೆ ಅಂದುಕೊಂಡು ಹುಡುಕಿದವರಿಗೆ ಇವು ಸಾಮಾನ್ಯ ನಕ್ಷತ್ರಗಳ ಗುಂಪಿನಲ್ಲೇ ಬೆರೆತು ಸತಾಯಿಸಿವೆ.

ಇನ್ನು ಆ ಹಠಮಾರಿ ತಪ್ಪು ಕಲ್ಪನೆಗೆ ಬರೋಣ.

ಎಂ, ಎಲ್, ಟಿ, ವೈ ಅನ್ನುವ ಅಕ್ಷರಗಳು ಕಾಯದ ಮೇಲ್ಪದರ ಈಗ ಹೇಗಿದೆ ಅನ್ನುವುದನ್ನಷ್ಟೇ ಹೇಳುತ್ತವೆ. ಹೆಚ್ಚುಕಡಿಮೆ ಅದು ತಾಪಮಾನದ ಪಟ್ಟಿ. ನಕ್ಷತ್ರವೋ ಕಂದು ಕುಬ್ಜವೋ ಅನ್ನುವುದು ಬೇರೆಯದೇ ಪ್ರಶ್ನೆ. ಒಡಲಲ್ಲಿ ಜಲಜನಕದ ಉರಿ ಹತ್ತಿ ನಿಲ್ಲುತ್ತದೆಯೋ ಇಲ್ಲವೋ? ಅದನ್ನು ತೀರ್ಮಾನಿಸುವುದು ತೂಕ. ಶಿವ್ ಕುಮಾರ್ ಎಂಬ ವಿಜ್ಞಾನಿ 1963ರಲ್ಲೇ ಇದರ ಲೆಕ್ಕ ಹಾಕಿದ್ದರು. ಸೂರ್ಯನಂಥ ಬೆರಕೆಯ ಅನಿಲವಾದರೆ ಸೂರ್ಯನ ತೂಕದ ನೂರರಲ್ಲಿ ಸುಮಾರು 7 ಪಾಲು ಇರಬೇಕು ಅಂತ ಅವರಿಗೆ ಉತ್ತರ ಬಂತು. ಇವತ್ತಿನ ಅಂಕಿಯೂ ಅದರ ಆಸುಪಾಸಿನಲ್ಲೇ ಇದೆ, ಗುರು ಗ್ರಹದ ಲೆಕ್ಕದಲ್ಲಿ ಹೇಳಿದರೆ 75ರಿಂದ 80 ಗುರುಗಳಷ್ಟು. ಅದಕ್ಕಿಂತ ಹಗುರವಾದದ್ದರಲ್ಲಿ ಉರಿ ನಿಲ್ಲುವುದಿಲ್ಲ.

ಉರಿ ನಿಲ್ಲದಿದ್ದರೆ ಕಾಯ ಹುಟ್ಟಿದಾಗಿನ ಬಿಸಿಯನ್ನು ಕಳೆದುಕೊಳ್ಳುತ್ತಾ ಆರುತ್ತಾ ಹೋಗುತ್ತದೆ. ಎಲ್ಲ ಎಡವಟ್ಟೂ ಇಲ್ಲೇ. ಕುಲುಮೆಯಿಂದ ತೆಗೆದ ಕಬ್ಬಿಣವನ್ನು ನೋಡಿ. ಮಂದವಾಗಿ ಕೆಂಪಾಗಿದೆ ಅಂತಿಟ್ಟುಕೊಳ್ಳಿ. ಅದು ತೆಗೆದು ಬಹಳ ಹೊತ್ತಾದ ದೊಡ್ಡ ತುಂಡೋ, ಈಗಷ್ಟೇ ತೆಗೆದ ಸಣ್ಣ ತುಂಡೋ? ಬರೀ ಬಣ್ಣ ನೋಡಿ ಹೇಳಲು ಬರುವುದಿಲ್ಲ, ಅಲ್ವಾ? ಕಂದು ಕುಬ್ಜದ್ದೂ ಅದೇ ಕಥೆ. ಎಳೆಯದ್ದು ಬಿಸಿಯಾಗಿ ಎಂ ವರ್ಗದಲ್ಲಿರುತ್ತದೆ, ವಯಸ್ಸಾದಂತೆ ಎಲ್‌ಗೆ ಇಳಿಯುತ್ತದೆ, ಆಮೇಲೆ ಟಿಗೆ. ಅಕ್ಷರ ಬದಲಾಯಿತು ಅಂತ ಅದು ಬೇರೆ ಜಾತಿಯ ವಸ್ತುವಾಯಿತೇ? ಇಲ್ಲ. ಅದೇ ವಸ್ತು, ಅದೇ ತೂಕ.

ನಂಬಿಕೆ ಬರಲಿಲ್ಲವೇ? ಪ್ರತಿ ಅಕ್ಷರದೊಳಗೂ ಸೊನ್ನೆಯಿಂದ ಒಂಬತ್ತರವರೆಗೆ ಮೆಟ್ಟಿಲುಗಳಿವೆ, ಸಂಖ್ಯೆ ಹೆಚ್ಚಿದಷ್ಟೂ ತಣ್ಣಗೆ. ಎಂ8 ಎಂಬ ಒಂದೇ ಮೆಟ್ಟಿಲಿನಲ್ಲಿ ನಿಂತಿರುವ ಮೂವರನ್ನು ತೋರಿಸುತ್ತೇನೆ.

ಟ್ರಾಪಿಸ್ಟ್-1, ಏಳು ಗ್ರಹಗಳಿಂದಾಗಿ 2017ರಲ್ಲಿ ಸುದ್ದಿಯಾದದ್ದು. 40 ಜ್ಯೋತಿರ್ವರ್ಷ ದೂರ, ತೂಕ ಸೂರ್ಯನ ನೂರರಲ್ಲಿ 9 ಪಾಲು, ವಯಸ್ಸು 500 ಕೋಟಿ ವರ್ಷಕ್ಕೂ ಜಾಸ್ತಿ. ಇದು ನಕ್ಷತ್ರ, ಅನುಮಾನವೇ ಬೇಡ. ಟೈಡೆ 1, ಕೃತ್ತಿಕಾ ಗುಂಪಿನಲ್ಲಿ 1995ರಲ್ಲಿ ಸಿಕ್ಕಿತು. ಆ ಗುಂಪಿನ ವಯಸ್ಸು ಸುಮಾರು 12 ಕೋಟಿ ವರ್ಷ. ಇದರ ತೂಕ 55 ಗುರುಗಳ ಆಸುಪಾಸು, ಹಾಗಾಗಿ ಕಂದು ಕುಬ್ಜ. ಮೂರನೆಯದು ಟೂಎಂ 1207. ವಯಸ್ಸು ಸುಮಾರು 1 ಕೋಟಿ ವರ್ಷ, ತೂಕ ಬರೀ 25 ಗುರುಗಳಷ್ಟು. ಇದೂ ಕಂದು ಕುಬ್ಜ. ತೂಕದಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು ವ್ಯತ್ಯಾಸ, ವಯಸ್ಸಿನಲ್ಲಿ ನೂರಾರು ಪಟ್ಟು, ಅಕ್ಷರ ಮಾತ್ರ ಒಂದೇ! "ಎಂ ಅಂದ್ರೆ ನಕ್ಷತ್ರ" ಅನ್ನುವವರು ಈ ಮೂರರಲ್ಲಿ ಎರಡನ್ನು ತಪ್ಪಾಗಿ ಹೇಳುತ್ತಾರೆ.

ಎಲ್ ಕಡೆಯಿಂದ ನೋಡಿದರೂ ಅಷ್ಟೇ. ಅತಿ ಹಗುರವಾದ ನಕ್ಷತ್ರಗಳು ವಯಸ್ಸಾದ ಮೇಲೆ ಸುಮಾರು 2000 ಕೆಲ್ವಿನ್‌ನಲ್ಲಿ ಬಂದು ನಿಲ್ಲುತ್ತವೆ. ಆ ತಾಪಕ್ಕೆ ಸಿಗುವ ಅಕ್ಷರ ಎಲ್. ಹಾಗಾಗಿ ಎಲ್ ವರ್ಗದ ಮೊದಲ ಕೆಲವು ಮೆಟ್ಟಿಲುಗಳಲ್ಲಿ ಅಪ್ಪಟ ನಕ್ಷತ್ರಗಳೂ ಇವೆ, ಕಂದು ಕುಬ್ಜಗಳೂ ಇವೆ. ಗಾತ್ರ ನೋಡಿ ಬೇರ್ಪಡಿಸೋಣ ಅಂದರೆ ಅದೂ ಆಗುವುದಿಲ್ಲ, ವಯಸ್ಸಾದವು ಹೆಚ್ಚುಕಡಿಮೆ ಎಲ್ಲವೂ ಗುರು ಗ್ರಹದಷ್ಟೇ ದಪ್ಪ.

ಸರಿ, ಪೂರ್ತಿ ತಪ್ಪು ಅಂತಲೂ ಹೇಳಲಾರೆ. ಟಿ ಮತ್ತು ವೈ ಬಂದರೆ ಮಾತ್ರ ನಿಶ್ಚಿಂತೆ. ಯಾವ ನಕ್ಷತ್ರವೂ ಅಷ್ಟು ತಣ್ಣಗಿರುವುದಿಲ್ಲ. 7.4 ಜ್ಯೋತಿರ್ವರ್ಷ ದೂರದ ವೈಸ್ 0855 ಎಂಬ ವೈ ವರ್ಗದ ಕಾಯದ ತಾಪ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿದೆ. ಅದನ್ನು ನಕ್ಷತ್ರ ಅನ್ನುವವರು ಯಾರೂ ಇಲ್ಲ. ಗೊಂದಲ ಇರುವುದು ಎಂ ಕೊನೆ ಮತ್ತು ಎಲ್ ಆರಂಭದಲ್ಲಿ, ಜನ ಗೆರೆ ಎಳೆಯುವುದೂ ಸರಿಯಾಗಿ ಅಲ್ಲೇ.

ಹಾಗಾದರೆ ಬೇರ್ಪಡಿಸುವುದು ಹೇಗೆ? ವಯಸ್ಸು ಗೊತ್ತಾಗಬೇಕು. ಇದಕ್ಕೆ ರೋಹಿತವೇ ಸುಳಿವು ಕೊಡುತ್ತದೆ. ಎಳೆಯ ಕಾಯ ಇನ್ನೂ ಕುಗ್ಗಿ ಮುಗಿದಿರುವುದಿಲ್ಲ, ಉಬ್ಬಿಕೊಂಡಿರುತ್ತದೆ, ಗುರುತ್ವ ಕಡಿಮೆ. ಅದರಲ್ಲಿ ಪೊಟ್ಯಾಸಿಯಂ ಗೆರೆಗಳು ಸೊರಗಿರುತ್ತವೆ, 1.65 ಮೈಕ್ರಾನ್ ಸುತ್ತಲಿನ ಉಬ್ಬು ತ್ರಿಕೋನದಂತೆ ಚೂಪಾಗಿರುತ್ತದೆ. ವಯಸ್ಸಾದದ್ದರಲ್ಲಿ ಅದೇ ಉಬ್ಬು ಚಪ್ಪಟೆ. ಎಂ8ರಲ್ಲಿ ಚೂಪು ತ್ರಿಕೋನ ಕಂಡರೆ ಅದು ಎಳೆಯದು, ಎಳೆಯದಾಗಿಯೂ ಇಷ್ಟು ತಣ್ಣಗಿದ್ದರೆ ತೂಕ ಕಡಿಮೆ, ಹಾಗಾಗಿ ಕಂದು ಕುಬ್ಜ. ಅಕ್ಷರ ನೋಡಿ ಹಾರುವುದಲ್ಲ, ತರ್ಕ ಮಾಡುವುದು ಅಂದರೆ ಇದು.

ಇನ್ನೊಂದು ಪರೀಕ್ಷೆ ಲಿಥಿಯಂ. ಸುಮಾರು 65 ಗುರುಗಳಿಗಿಂತ ಭಾರವಾದ ಕಾಯದ ಒಡಲು ಲಿಥಿಯಂ ಅನ್ನು ಸುಟ್ಟುಹಾಕುತ್ತದೆ, ಹಗುರವಾದದ್ದು ಉಳಿಸಿಕೊಳ್ಳುತ್ತದೆ. ಟೈಡೆ 1ರಲ್ಲಿ ಲಿಥಿಯಂ ಕಂಡದ್ದು ಅದು ಕಂದು ಕುಬ್ಜ ಅನ್ನುವುದಕ್ಕೆ ದೊಡ್ಡ ಬೆಂಬಲವಾಯಿತು, ಲುಹ್ಮನ್ 16ರ ಎರಡರಲ್ಲೂ ಅದು ಕಂಡಿದೆ. ಆದರೆ ಈ ಗೆರೆ ಇರುವುದು 0.67 ಮೈಕ್ರಾನ್‌ನಲ್ಲಿ, ಅಂದರೆ ಕಣ್ಣಿಗೆ ಕಾಣುವ ಕೆಂಪಿನಲ್ಲಿ. ನಮ್ಮ ಕಾಯಗಳು ಅಲ್ಲಿ ಅತಿ ಮಂಕು. ಸಾಲದ್ದಕ್ಕೆ ತೀರಾ ಎಳೆಯ ನಕ್ಷತ್ರದಲ್ಲೂ ಲಿಥಿಯಂ ಇನ್ನೂ ಸುಟ್ಟಿರುವುದಿಲ್ಲ, ತೀರಾ ತಣ್ಣನೆಯ ಕುಬ್ಜದಲ್ಲಿ ಅದು ಬೇರೆ ಅಣುಗಳೊಳಗೆ ಸೇರಿಕೊಂಡು ಗೆರೆಯೇ ಮಾಯವಾಗುತ್ತದೆ. ಹಾಗಾಗಿ "ಲಿಥಿಯಂ ನೋಡಿದರೆ ಆಯ್ತು, ಇಷ್ಟೇ ತಾನೇ" ಅಂತ ಮತ್ತೆ ಬರೆಯಬೇಡಿ, ದಯವಿಟ್ಟು.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಸುತ್ತುಬಳಸಿ ಹೋಗುವುದು ಯಾಕೆ, ನೇರವಾಗಿ ತೂಗಬಾರದೇ? ತೂಗಬಹುದು, ಜೊತೆಗಾರ ಇದ್ದರೆ. ಎರಡು ಕಾಯಗಳು ಒಂದನ್ನೊಂದು ಸುತ್ತುತ್ತಿದ್ದರೆ, ಸುತ್ತಿನ ಅಗಲ ಮತ್ತು ಅವಧಿಯಿಂದ ತೂಕ ಸಿಗುತ್ತದೆ. 12 ಜ್ಯೋತಿರ್ವರ್ಷ ದೂರದ ಎಪ್ಸಿಲಾನ್ ಇಂಡಿ ನಕ್ಷತ್ರದ ಜೊತೆ ಒಂದು ಕಂದು ಕುಬ್ಜ ಇರುವುದು 2003ರಲ್ಲಿ ಗೊತ್ತಾಯಿತು, ಅದೇ ವರ್ಷ ಅದು ಎರಡು ಅಂತಲೂ ಗೊತ್ತಾಯಿತು. ಒಂದು ಟಿ1, ಇನ್ನೊಂದು ಟಿ6. ಸುಮಾರು 11 ವರ್ಷಕ್ಕೊಂದು ಸುತ್ತು. ತೂಗಿದಾಗ ಸುಮಾರು 67 ಮತ್ತು 53 ಗುರುಗಳು ಬಂದವು. ಒಟ್ಟಿಗೇ ಹುಟ್ಟಿದವು, ಭಾರವಾದದ್ದು ನಿಧಾನ ಆರಿದೆ, ಹಗುರವಾದದ್ದು ಬೇಗ. ಲೆಕ್ಕ ಚೊಕ್ಕವಾಗಿದೆ.

ಗ್ಲೀಸ್ 229ರ ಸಂಗಾತಿಯ ಲೆಕ್ಕ ಮಾತ್ರ ಕೂಡಿ ಬರಲಿಲ್ಲ. ತೂಗಿದರೆ 71 ಗುರುಗಳು. ಅಷ್ಟು ಭಾರದ್ದು ಅಷ್ಟು ಮಂಕಾಗಿರಬಾರದು. ಲೆಕ್ಕದ ಮಾದರಿ ತಪ್ಪೋ, ಅಳತೆ ತಪ್ಪೋ ಅಂತ ಚರ್ಚೆ ನಡೆಯಿತು. 2024ರಲ್ಲಿ ಉತ್ತರ ಸಿಕ್ಕಿತು. ಅಲ್ಲಿರುವುದು ಒಂದಲ್ಲ, ಎರಡು! ಸುಮಾರು 38 ಮತ್ತು 34 ಗುರುಗಳ ಎರಡು ಕಂದು ಕುಬ್ಜಗಳು 12 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿವೆ. 1995ರಿಂದ ಎಲ್ಲರೂ ಮಾದರಿಯಾಗಿ ಇಟ್ಟುಕೊಂಡಿದ್ದ ರೋಹಿತ ಎರಡರ ಬೆರಕೆ.

ಬೆರಕೆ ರೋಹಿತವನ್ನು ಪತ್ತೆ ಮಾಡುವ ಉಪಾಯ ಇಲ್ಲ ಅಂತಲ್ಲ. ಒಂದು ಎಲ್, ಇನ್ನೊಂದು ಟಿ ಆಗಿದ್ದರೆ ಎಲ್ ರೋಹಿತದ ಮೇಲೆ 1.6 ಮೈಕ್ರಾನ್ ಹತ್ತಿರ ಮೀಥೇನ್‌ನ ಒಂದು ಸಣ್ಣ ತಗ್ಗು ಕಾಣುತ್ತದೆ, ಒಂಟಿ ಕಾಯದಲ್ಲಿ ಹಾಗೆ ಬರುವುದಿಲ್ಲ. ಹೀಗೆ ಹಲವು ಜೋಡಿಗಳು ಸಿಕ್ಕಿವೆ. ಆದರೆ ಗ್ಲೀಸ್ 229ರ ಜೋಡಿಯಲ್ಲಿ ಎರಡೂ ಟಿ, ಎರಡೂ ಹೆಚ್ಚುಕಡಿಮೆ ಒಂದೇ ತಾಪ. ಕೂಡಿಸಿದರೂ ಒಂದರ ಹಾಗೇ ಕಾಣುತ್ತದೆ. ಅವುಗಳನ್ನು ಬೇರ್ಪಡಿಸಲು ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್‌ನ ನಾಲ್ಕು ದೂರದರ್ಶಕಗಳ ಬೆಳಕನ್ನು ಒಂದೆಡೆ ಕೂಡಿಸಬೇಕಾಯಿತು.