ಬೆನ್ನಿನಿಂದ ಅಂಗಾಲಿಗೆ ನಡೆದುಬಂದ ಕೋಶ

ಅಂಗಾಲಿನಲ್ಲಿ ಮಚ್ಚೆ ಇದ್ದರೆ ಪರದೇಶ ಸುತ್ತುವ ಯೋಗ ಅನ್ನುತ್ತಾರೆ. ಬಸವನಗುಡಿಯ ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ ಅಂಗಾಲಿನ ಕಪ್ಪು ಕಲೆ ಅಗಲವಾಗುತ್ತಿದ್ದಾಗಲೂ ಇದನ್ನೇ ನಂಬಿದ್ದರು. ಕಲೆ ಒಸರತೊಡಗಿದಾಗ ಆಣಿಯೆಂದು ಪಟ್ಟಿ ಅಂಟಿಸಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತೊಡೆಸಂದಿಯಲ್ಲಿ ಗಂಟು ಕೈಗೆ ಸಿಗುತ್ತಿತ್ತು. ಅದು ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್; ಅಂಗಾಲಿನಿಂದ ಅಲ್ಲಿಯವರೆಗೂ ಹರಡಿತ್ತು. ಮಚ್ಚೆಶಾಸ್ತ್ರದ ಮೇಲೆ ನನಗೆ ಕೋಪ ಬಂದದ್ದು ಆವತ್ತು.

ಕಪ್ಪು ಮೈಬಣ್ಣದವರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ ಎಂಬುದು ಇನ್ನೊಂದು ತಪ್ಪು ನಂಬಿಕೆ. ನಮ್ಮಲ್ಲಿ ಅಪರೂಪ, ನಿಜ. ಆದರೆ ಬಂದಾಗ ಹೆಚ್ಚಾಗಿ ಬಿಸಿಲು ಬೀಳದ ಕಡೆಯೇ ಬರುತ್ತದೆ: ಅಂಗಾಲು, ಅಂಗೈ, ಉಗುರಿನ ಅಡಿ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಹುಟ್ಟಿತು. 1981ರಲ್ಲಿ, 36ನೇ ವಯಸ್ಸಿಗೇ ಅವರು ತೀರಿಕೊಂಡರು.

ಇಷ್ಟು ಬೇಗ ಇದು ಮೈಯೆಲ್ಲ ಹರಡುವುದೇಕೆ? ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶ ಚರ್ಮದಲ್ಲಿ ಹುಟ್ಟಿದ್ದಲ್ಲ. ಭ್ರೂಣದ ಬೆನ್ನಿನುದ್ದಕ್ಕೂ, ಮುಂದೆ ಬೆನ್ನುಹುರಿಯಾಗುವ ನರನಾಳದ ನೆತ್ತಿಯಲ್ಲಿ, ನರಶಿಖೆ ಎಂಬ ಪಟ್ಟಿಯಿದೆ. 1868ರಲ್ಲಿ ಅಂಗರಚನಾ ವಿಜ್ಞಾನಿ ವಿಲ್ಹೆಲ್ಮ್ ಹಿಸ್ ಅದನ್ನು ಕೋಳಿ ಭ್ರೂಣದಲ್ಲಿ ಗುರುತಿಸಿದರು. ಅಲ್ಲಿನ ಕೋಶಗಳು ನೆರೆಯವರ ಕೈಬಿಡಿಸಿಕೊಂಡು, ಅಂಗಾಂಶಗಳ ನಡುವೆ ನುಸುಳಿ, ಅಂಗಾಲಿನವರೆಗೂ ನಡೆಯುತ್ತವೆ. ತಲುಪಿದ ಮೇಲೆ ಪ್ರಯಾಣದ ಟ್ರಂಕನ್ನು ಅಟ್ಟಕ್ಕೆ ಹಾಕಿ ಸಂಸಾರ ಹೂಡುತ್ತವೆ. ಟ್ರಂಕನ್ನು ಎಸೆಯುವುದಿಲ್ಲ, ಗಮನಿಸಿ. ಈಜು ಕಲಿತವನು ನಲವತ್ತು ವರ್ಷ ಕೆರೆಗಿಳಿಯದಿದ್ದರೂ ಈಜು ಮರೆಯುತ್ತಾನೆಯೇ? ನಿವೃತ್ತ ಬಸ್ ಚಾಲಕನಿಗೆ ಮೆಜೆಸ್ಟಿಕ್‌ನ ತಿರುವುಗಳು ಕೈಯಲ್ಲೇ ಇರುತ್ತವಲ್ಲ, ಹಾಗೆ. ಬೇರೆ ಕ್ಯಾನ್ಸರ್‌ಗಳು ಊರು ಬಿಡುವುದನ್ನು ಹೊಸದಾಗಿ ಕಲಿಯಬೇಕು. ಇದಕ್ಕೆ ಟ್ರಂಕು ಇಳಿಸಿದರೆ ಸಾಕು. ಭ್ರೂಣದಲ್ಲಿ ಈ ನಡಿಗೆಗೆ ಬೇಕಾಗುವ ಸ್ಲಗ್ ಎಂಬ ಜೀನ್ ಮೆಲನೋಮ ಹರಡುವುದಕ್ಕೂ ಬೇಕೆಂದು 2005ರಲ್ಲಿ ಗೊತ್ತಾಯಿತು.

ಕಾಯಿಲೆ ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1787ರಲ್ಲಿ ಕೊಯ್ದು ತೆಗೆದ ಗಡ್ಡೆಯೊಂದನ್ನು ಜಾಡಿಯಲ್ಲಿಟ್ಟಿದ್ದರು. ಅದು ಮೆಲನೋಮವೆಂದು ಖಚಿತವಾದದ್ದು 1968ರಲ್ಲಿ. ಎರಡು ವರ್ಷದ ಬಳಿಕ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೋ, ಗಡ್ಡೆ ಎಷ್ಟು ಆಳಕ್ಕಿಳಿದಿದೆ ಎಂದು ಅಳೆದರೆ ರೋಗಿಯ ಮುಂದಿನ ಗತಿ ತಿಳಿಯುತ್ತದೆ ಎಂದು ತೋರಿಸಿದರು. ಆಳ ಒಂದು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬಹುಪಾಲು ಜನ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತಾರೆ. ನಮ್ಮ ಬೀದಿಯ ಹಿರಿಯರು ಆಣಿಪಟ್ಟಿಯಡಿ ಕಳೆದುಕೊಂಡದ್ದು ಆ ಮಿಲಿಮೀಟರನ್ನು.

ನನ್ನನ್ನು ಬೆರಗುಗೊಳಿಸಿದ್ದು 2006ರ ಒಂದು ಪ್ರಯೋಗ. ಮನುಷ್ಯರ ಮೆಲನೋಮ ಕೋಶಗಳನ್ನು ಕೋಳಿ ಭ್ರೂಣದ ನರನಾಳಕ್ಕೆ ಸೇರಿಸಿದರು. ಅವು ಅಡ್ಡಾದಿಡ್ಡಿ ನುಗ್ಗಲಿಲ್ಲ. ಕೋಳಿಯ ನರಶಿಖೆಯ ಕೋಶಗಳು ಹೋಗುವ ದಾರಿಯನ್ನೇ ಹಿಡಿದು ಹೊರಟವು. ಕೆಲವು ಮತ್ತೆ ಮೆಲನೋಸೈಟಿನ ಗುಣವನ್ನೂ ತೋರಿದವು. ಗಡ್ಡೆ ಮಾತ್ರ ಎಲ್ಲೂ ಕಟ್ಟಲಿಲ್ಲ.