ಷೆಂಗೆನ್ ವೀಸಾದ ‘90/180’ ಅಂದರೆ ಏನು?

ಮಗಳ ಬಾಣಂತನಕ್ಕೆಂದು ಜರ್ಮನಿಗೋ ನೆದರ್ಲೆಂಡ್ಸ್‌ಗೋ ಹೊರಡುವ ಅಮ್ಮಂದಿರು ನಮ್ಮಲ್ಲಿ ಈಗ ಬೇಕಾದಷ್ಟಿದ್ದಾರೆ. ವೀಸಾ ಮಾತು ಬಂದಾಗ ಅವರ ಕಿವಿಗೆ ಬೀಳುವ ಪದ ‘90/180’. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಅಲ್ಲಿ ಇರಬಹುದು ಎಂದು ಇದರ ಅರ್ಥ. ಕೇಳಲು ಸುಲಭ. ಎಡವುವುದು ಆ ‘ಯಾವುದೇ’ ಅನ್ನುವ ಮಾತಿನಲ್ಲಿ.

ಷೆಂಗೆನ್ ಎಂಬುದು ಲಕ್ಸೆಂಬರ್ಗ್‌ನ ಒಂದು ಚಿಕ್ಕ ಊರು. ತಮ್ಮ ನಡುವಿನ ಗಡಿ ತಪಾಸಣೆ ತೆಗೆಯಲು 1985ರಲ್ಲಿ ಐದು ದೇಶಗಳು ಅಲ್ಲಿ ಸಹಿ ಹಾಕಿದವು. ಈಗ ಆ ಗುಂಪಿನಲ್ಲಿ ಯುರೋಪಿನ 29 ದೇಶಗಳಿವೆ. ಇವುಗಳಿಗೆ ಸ್ವಲ್ಪ ದಿನದ ಮಟ್ಟಿಗೆ ಹೋಗಿಬರಲು ಕೊಡುವುದೇ ಷೆಂಗೆನ್ ವೀಸಾ. ದಿನದ ಲೆಕ್ಕಕ್ಕೆ ಇವೆಲ್ಲ ಸೇರಿ ಒಂದೇ. ಪ್ಯಾರಿಸ್‌ನಲ್ಲಿ 50, ರೋಮ್‌ನಲ್ಲಿ 40 ದಿನ ಇದ್ದರೆ ಅಲ್ಲಿಗೆ 90 ಮುಗಿಯಿತು. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಬರುತ್ತವೆ.

ಈ 180 ದಿನ ಒಂದು ಕಡೆ ನಿಲ್ಲುವುದಿಲ್ಲ, ದಿನ ಕಳೆದ ಹಾಗೆ ಮುಂದೆ ಸರಿಯುತ್ತದೆ. ಅಲ್ಲಿರುವ ಒಂದೊಂದು ದಿನವೂ, ಆ ದಿನವನ್ನೂ ಸೇರಿಸಿ 180 ದಿನ ಹಿಂದಕ್ಕೆ ಎಣಿಸಬೇಕು. ಒಟ್ಟು ವಾಸ 90 ದಾಟಬಾರದು.

ಒಂದು ಲೆಕ್ಕ ನೋಡೋಣ. ಹಲವು ಸಲ ಹೋಗಿಬರುವ ವೀಸಾ ಇರುವ ಅಮ್ಮ ಮಾರ್ಚ್ 1ರಿಂದ ಏಪ್ರಿಲ್ 29ರವರೆಗೆ 60 ದಿನ ಇದ್ದು ಬಂದರು. ಮತ್ತೆ ಜುಲೈ 20ಕ್ಕೆ ಹೋದರೆ ಉಳಿದಿರುವುದು 30 ದಿನ ಮಾತ್ರ. ಆಗಸ್ಟ್ 18ಕ್ಕೆ ಹೊರಡಲೇಬೇಕು. ಅದೇ ಆಗಸ್ಟ್ 1ಕ್ಕೆ ಹೋದರೆ? ಆಗಸ್ಟ್ 28ರಿಂದ ಮಾರ್ಚ್‌ನ ಹಳೆಯ ದಿನಗಳು ಒಂದೊಂದಾಗಿ ಲೆಕ್ಕದಿಂದ ಬಿದ್ದುಹೋಗುತ್ತವೆ. ಹಾಗಾಗಿ ಅಕ್ಟೋಬರ್ 29ರವರೆಗೆ, ಪೂರ್ತಿ 90 ದಿನ ಇರಬಹುದು! ಹನ್ನೆರಡು ದಿನ ತಡವಾಗಿ ಹೊರಟಿದ್ದಕ್ಕೆ ಅರವತ್ತು ದಿನ ಜಾಸ್ತಿ. ಟಿಕೆಟ್ ತೆಗೆಯುವ ಮೊದಲೇ ಈ ಲೆಕ್ಕ ಮಾಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಯುರೋಪಿಯನ್ ಒಕ್ಕೂಟದ ಜಾಲತಾಣದಲ್ಲೇ ಇದಕ್ಕೊಂದು ಕ್ಯಾಲ್ಕ್ಯುಲೇಟರ್ ಇದೆ.

‘ಎರಡು ದಿನ ಲಂಡನ್‌ಗೆ ಹೋಗಿ ಬಂದರೆ ಲೆಕ್ಕ ಮೊದಲಿಂದ ಶುರು’ ಅನ್ನುವವರಿದ್ದಾರೆ. ಅದು ತಪ್ಪು. ಲಂಡನ್ ಷೆಂಗೆನ್‌ನ ಹೊರಗಿದೆ, ಹಾಗಾಗಿ ಅಲ್ಲಿ ಪೂರ್ತಿಯಾಗಿ ಕಳೆದ ದಿನಗಳು ಎಣಿಕೆಗೆ ಬರುವುದಿಲ್ಲ, ಅಷ್ಟೇ. ‘ಮೂರು ತಿಂಗಳು’ ಎಂದು ಸುಮ್ನೆ ಅಂದುಕೊಳ್ಳುವುದೂ ಅಪಾಯ. ಮಾರ್ಚ್, ಏಪ್ರಿಲ್, ಮೇ ಸೇರಿದರೆ 92 ದಿನ ಆಗುತ್ತದೆ ಅಲ್ವಾ? ಐದು ವರ್ಷದ ವೀಸಾ ಸಿಕ್ಕರೂ ಮಿತಿ ಇದೇ. ವೀಸಾದ ಮೇಲೆ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ ಸರಿ. ದಿನ ಮೀರಿದರೆ ದಂಡ ಬೀಳಬಹುದು, ಮುಂದಿನ ವೀಸಾಕ್ಕೂ ಅಡ್ಡಿಯಾಗಬಹುದು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆದು ಕಂಪ್ಯೂಟರಿನಲ್ಲೇ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಸೀಲು ಮಸುಕಾಗಿತ್ತು ಅನ್ನುವ ಮಾತು ಇನ್ನು ನಡೆಯುವುದಿಲ್ಲ.

ಇನ್ನು ಮಗಳ ವಿಚಾರ. ಅವಳ ಹತ್ತಿರ ಜರ್ಮನಿಯ ವಾಸದ ಪರವಾನಗಿ ಇದೆ. ಹಾಗಾಗಿ ಜರ್ಮನಿಯಲ್ಲಿ ಇರುವ ದಿನಗಳಿಗೆ ಈ ಎಣಿಕೆ ಇಲ್ಲ. ಆದರೆ ಅವಳು ಪ್ಯಾರಿಸ್‌ಗೆ ಸುತ್ತಾಡಲು ಹೋದರೆ, ಅಲ್ಲಿ ಅವಳಿಗೂ 90/180 ಇದ್ದೇ ಇದೆ.