ಹೊಸ ಕಾರಿಗೆ ಇನ್ನೊಂದು ಚರ್ಮ

ಹೊಸ ಕಾರಿನ ಬಾನೆಟ್ ಮೇಲೆ ಮೊದಲ ಚುಕ್ಕೆ ಬೀಳಲು ಅಪಘಾತವೇನೂ ಆಗಬೇಕಿಲ್ಲ. ತುಮಕೂರು ರಸ್ತೆಯಲ್ಲಿ ಮುಂದೆ ಒಂದು ಜಲ್ಲಿ ಟಿಪ್ಪರ್ ಹೋಗುತ್ತಿದ್ದರೆ ಸಾಕು. ಟಕ್ ಅಂತ ಒಂದು ಸದ್ದು. ಮನೆಗೆ ಬಂದು ನೋಡಿದರೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಬಣ್ಣ ಹಾರಿರುತ್ತದೆ.

ಆ ಕಲ್ಲಿನ ಹೊಡೆತ ಎಷ್ಟು? ಲೆಕ್ಕ ಸುಲಭ. 5 ಗ್ರಾಂ ತೂಗುವ ಜಲ್ಲಿ ಚೂರು ಗಾಳಿಯಲ್ಲಿ ಬಹುತೇಕ ನಿಂತಂತೆ ಇದೆ, ನಿಮ್ಮ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗಿ ಅದಕ್ಕೆ ಬಡಿಯುತ್ತದೆ ಅಂದುಕೊಳ್ಳಿ. ಆಗಿನ ಶಕ್ತಿ ಸುಮಾರು 2 ಜೂಲ್. 200 ಗ್ರಾಂ ತೂಕವನ್ನು ಒಂದು ಮೀಟರ್ ಎತ್ತರದಿಂದ ಕೈಬಿಟ್ಟರೆ ಬರುವಷ್ಟು. ಕೇಳಲು ಏನೂ ಅನಿಸುವುದಿಲ್ಲ. ಆದರೆ ಅಷ್ಟೂ ಶಕ್ತಿ ಕಲ್ಲಿನ ಒಂದು ಚೂಪು ಮೂಲೆಯಿಂದ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಬಣ್ಣಕ್ಕೆ ಇಳಿಯುತ್ತದೆ. ವೇಗ 50ಕ್ಕೆ ಇಳಿದರೆ ಹೊಡೆತ ಅರ್ಧವಲ್ಲ, ಕಾಲು ಭಾಗಕ್ಕೆ ಬರುತ್ತದೆ. ಊರೊಳಗೇ ಓಡುವ ಕಾರಿಗೂ ವಾರಕ್ಕೊಮ್ಮೆ ಹೈವೇ ಹತ್ತುವ ಕಾರಿಗೂ ಒಂದೇ ಸಲಹೆ ಕೊಡುವವರನ್ನು ನಾನು ನಂಬುವುದಿಲ್ಲ, ಕಾರಣ ಇದೇ.

ಇನ್ನು ಪೇಂಟ್ ಕಡೆ ನೋಡಿ. ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಮೇಲೆ ಹೊಳಪಿನ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಒಂದು ಎ4 ಹಾಳೆಯೇ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ! ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿರುವುದರಿಂದ ಈ ಪೇಂಟ್ ಗಟ್ಟಿ. ಆ ಗಟ್ಟಿತನವೇ ಇಲ್ಲಿ ತೊಂದರೆ. ಗಟ್ಟಿ ವಸ್ತು ಬಗ್ಗುವುದಿಲ್ಲ, ಸಿಡಿಯುತ್ತದೆ.

ಹಾಗಾದರೆ ಕಲ್ಲನ್ನು ತಡೆಯಲು ಇನ್ನೂ ಗಟ್ಟಿಯಾದದ್ದು ಬೇಕಿಲ್ಲ, ಮೆತ್ತಗಿನದು ಬೇಕು. ಪೇಂಟ್ ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಎಲ್ಲರೂ ಹೇಳುವ ಪಿಪಿಎಫ್, ಮಾಡುವುದು ಇದನ್ನೇ. 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಕಾಲಕ್ಕೆ, ಅಮೆರಿಕದ ಸೇನೆಯ ಹೆಲಿಕಾಪ್ಟರ್‌ಗಳ ರೆಕ್ಕೆಗಳನ್ನು ಮರಳು, ಚೂರುಪಾರುಗಳಿಂದ ಕಾಪಾಡಲು 3ಎಂ ಕಂಪನಿ ಪಾಲಿಯುರೆಥೇನ್ ಟೇಪ್ ಮಾಡಿಕೊಟ್ಟಿತು. ಆಮೇಲೆ ಅದು ರೇಸ್ ಕಾರುಗಳ ಮೂತಿಗೆ ಬಂತು, ಅಲ್ಲಿಂದ ನಮ್ಮ ಕಾರುಗಳಿಗೆ.

ಇವತ್ತಿನ ಒಳ್ಳೆಯ ಫಿಲ್ಮ್ 150ರಿಂದ 200 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಕಾಪಾಡಬೇಕಾದ ಪೇಂಟಿಗಿಂತ ಕಾಪಾಡುವ ಫಿಲ್ಮೇ ದಪ್ಪ. ಕೆಳಗೆ ಗಮ್, ನಡುವೆ ಟಿಪಿಯು ಎಂಬ ಪಾಲಿಯುರೆಥೇನ್, ಮೇಲೆ ತೆಳ್ಳಗಿನ ಟಾಪ್ ಕೋಟ್. ಟಿಪಿಯುವಿನ ಅಣುಸರಪಳಿಯಲ್ಲಿ ಎರಡು ಬಗೆಯ ತುಂಡುಗಳಿವೆ. ಮೆತ್ತಗಿನ ತುಂಡು ಎಳೆದರೆ ಹಿಗ್ಗುತ್ತದೆ. ಗಟ್ಟಿ ತುಂಡುಗಳು ಅಲ್ಲಲ್ಲಿ ಒಟ್ಟುಗೂಡಿ ಗಂಟು ಹಾಕಿಕೊಂಡಿರುತ್ತವೆ, ಬಿಟ್ಟ ತಕ್ಷಣ ಹಿಗ್ಗಿದ ಸರಪಳಿ ಹಳೆಯ ಜಾಗಕ್ಕೆ ವಾಪಸ್ ಬರಲು ಈ ಗಂಟುಗಳೇ ಆಧಾರ. ಕಲ್ಲು ಬಡಿದಾಗ ಫಿಲ್ಮ್ ತಗ್ಗುತ್ತದೆ, ಹೊಡೆತವನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ, ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕರಗಿಸುತ್ತದೆ. ಪೇಂಟಿಗೆ ತಲುಪುವುದು ಮಿಕ್ಕಿದ್ದು ಮಾತ್ರ. ತುಂಬಾ ದೊಡ್ಡ ಕಲ್ಲಾದರೆ ಫಿಲ್ಮ್ ಹರಿದೇ ಹರಿಯುತ್ತದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಸೆಲ್ಫ್ ಹೀಲಿಂಗ್ ಎಂದು ಜಾಹೀರಾತು ಹೇಳುತ್ತದಲ್ವಾ, ಅದೂ ಇದೇ ಗುಣ. ಬಟ್ಟೆ ಒರೆಸುವಾಗ ಬೀಳುವ ಸಣ್ಣ ಗೆರೆಗಳಲ್ಲಿ ಟಾಪ್ ಕೋಟ್ ಕತ್ತರಿಸಿರುವುದಿಲ್ಲ, ಒತ್ತಿಕೊಂಡಿರುತ್ತದೆ ಅಷ್ಟೇ. ಬಿಸಿಲಿಗೆ ನಿಲ್ಲಿಸಿದರೆ ಅಥವಾ ಬಿಸಿನೀರು ಸುರಿದರೆ ಅಣುಗಳಿಗೆ ಓಡಾಡಲು ಅವಕಾಶ ಸಿಕ್ಕಿ ಮೊದಲಿನ ಆಕಾರಕ್ಕೆ ಬರುತ್ತವೆ. ಕೀಲಿಕೈಯಲ್ಲಿ ಯಾರಾದರೂ ಗೀಚಿ ಫಿಲ್ಮನ್ನೇ ಕೊಯ್ದಿದ್ದರೆ ಬೇಸಿಗೆ ಪೂರ್ತಿ ಬಿಸಿಲಲ್ಲಿ ನಿಲ್ಲಿಸಿದರೂ ಅದು ಕೂಡುವುದಿಲ್ಲ.

ಸೆರಾಮಿಕ್ ಕೋಟಿಂಗ್ ಬೇರೆಯೇ ವಿಷಯ. ಅದು ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ದಪ್ಪದ ಗಾಜಿನಂಥ ಪದರ. ನೀರು ಜಾರುತ್ತದೆ, ತೊಳೆಯುವುದು ಸುಲಭ, ಹೊಳಪು ಬರುತ್ತದೆ. ಕಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. '9ಎಚ್ ಸಾರ್, ವಜ್ರದ ಹತ್ತಿರ' ಎಂದು ಸೇಲ್ಸ್‌ನವರು ಹೇಳಿದರೆ ನಗಬಹುದು. ವಜ್ರ ಅಳೆಯುವ ಮೋಸ್ ಮಾಪನವೇ ಬೇರೆ. 9ಎಚ್ ಎನ್ನುವುದು ಡ್ರಾಯಿಂಗ್ ಪೆನ್ಸಿಲಿನ ದರ್ಜೆ, ಆ ಪೆನ್ಸಿಲಿನಲ್ಲಿ ಗೀಚಿ ನೋಡುವ ಪರೀಕ್ಷೆ ಅಷ್ಟೇ.

ಪಿಪಿಎಫ್ ಹೆಸರಿನಲ್ಲಿ ಬರುವುದೆಲ್ಲ ಟಿಪಿಯು ಅಲ್ಲ. ಅಗ್ಗದ ರೋಲುಗಳಲ್ಲಿ ಪಿವಿಸಿ ಇರುತ್ತದೆ. ಪಿವಿಸಿ ಹುಟ್ಟಾ ಗಡುಸು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ನಮ್ಮ ಬಿಸಿಲಿಗೆ ಅದು ನಿಧಾನವಾಗಿ ಹೊರಬಂದ ಮೇಲೆ ಫಿಲ್ಮ್ ಬಿಗಿದುಕೊಂಡು, ಹಳದಿಯಾಗಿ, ಬಿರುಕು ಬಿಡುತ್ತದೆ. ತೆಗೆಯಲು ಹೋದರೆ ಚೂರುಚೂರಾಗಿ ಬರುತ್ತದೆ.

ಇದನ್ನು ಪತ್ತೆ ಹಚ್ಚಲು 1872ರಲ್ಲಿ ಬೈಲ್‌ಸ್ಟೈನ್ ಎಂಬ ರಸಾಯನ ವಿಜ್ಞಾನಿ ಹೇಳಿಕೊಟ್ಟ ಉಪಾಯವಿದೆ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ. ಹಸಿರು ಬಣ್ಣ ಪೂರ್ತಿ ಹೋಗುವವರೆಗೆ ಕಾಯಿಸಬೇಕು. ಬಿಸಿ ತಂತಿಯನ್ನು ಫಿಲ್ಮ್ ಚೂರಿಗೆ ಮುಟ್ಟಿಸಿ ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಹಚ್ಚ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಪಿವಿಸಿ ಎಂದೇ ಅನುಮಾನಿಸಬಹುದು. ಟಿಪಿಯುವಿನಲ್ಲಿ ಕ್ಲೋರಿನ್ ಇರುವುದಿಲ್ಲ. ಹೊಗೆ ವಿಷ, ಹಾಗಾಗಿ ಬಯಲಲ್ಲಿ, ಚಿಟಿಕೆಯಷ್ಟು ಚೂರಿನಲ್ಲಿ ಮಾತ್ರ. ಅಡುಗೆಮನೆಯಲ್ಲಿ ಬೇಡ.

ಟಿಪಿಯುವಿನಲ್ಲೂ ಎರಡು ಜಾತಿ. ಅರೋಮ್ಯಾಟಿಕ್ ಟಿಪಿಯುವಿನ ಅಣುವಿನಲ್ಲಿ ಬೆಂಜೀನ್ ಉಂಗುರಗಳಿರುತ್ತವೆ. ಅವು ಬಿಸಿಲಿನ ಅತಿನೇರಳೆ ಕಿರಣ ಹೀರಿ ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ. ಅಲಿಫ್ಯಾಟಿಕ್ ಟಿಪಿಯುವಿನಲ್ಲಿ ಆ ಉಂಗುರ ಇಲ್ಲ, ಹಾಗಾಗಿ ಬಹಳ ಕಾಲ ತಿಳಿಯಾಗೇ ಇರುತ್ತದೆ. ಬಿಳಿ ಕಾರಿನವರು ಈ ಒಂದು ಪದವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು, ಹಳದಿ ಮೊದಲು ಕಾಣುವುದು ಬಿಳಿಯ ಮೇಲೆ. ಆತುರ ಇಲ್ಲದವರು ಒಂದು ಸ್ಯಾಂಪಲ್ ತುಂಡನ್ನು ಬಿಳಿ ಟೈಲ್ಸ್ ಮೇಲೆ ಅಂಟಿಸಿ, ಅರ್ಧಕ್ಕೆ ರಟ್ಟು ಮುಚ್ಚಿ, ಕೆಲವು ವಾರ ತಾರಸಿ ಮೇಲೆ ಬಿಟ್ಟು ನೋಡಬಹುದು.

ಇಷ್ಟೆಲ್ಲ ನೋಡಿ ಒಳ್ಳೆ ಫಿಲ್ಮ್ ಆರಿಸಿದರೂ ಕೆಲಸ ಕೆಡುವುದು ಹಾಕುವವರ ಕೈಯಲ್ಲಿ. ನನ್ನ ಮಟ್ಟಿಗೆ ಎರಡು ಒಳ್ಳೆ ಬ್ರ್ಯಾಂಡ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಇಬ್ಬರು ಇನ್‌ಸ್ಟಾಲರ್‌ಗಳ ನಡುವಿನ ವ್ಯತ್ಯಾಸ ಜಾಸ್ತಿ. ಯಾಕೆ ಅಂದರೆ, ಗೀರನ್ನು ಮಾಯಿಸುವ ಆ ಸ್ಥಿತಿಸ್ಥಾಪಕ ಗುಣವೇ ಬಂಪರ್ ಮೂಲೆಯಲ್ಲಿ ಶತ್ರುವಾಗುತ್ತದೆ. ಬಂಪರ್ ಎರಡೂ ದಿಕ್ಕಿಗೆ ಬಾಗಿರುತ್ತದೆ, ಫಿಲ್ಮ್ ಬರುವುದು ಚಪ್ಪಟೆ ರೋಲಿನಲ್ಲಿ. ಎಳೆಯದೆ ಕೂರುವುದಿಲ್ಲ. ಅವಸರದವನು ಅಂಚಿನಲ್ಲೇ ಜಗ್ಗಿ ಅಂಟಿಸಿಬಿಡುತ್ತಾನೆ. ಅವತ್ತು ಚೆಂದವಾಗೇ ಕಾಣುತ್ತದೆ. ಮೂರು ವಾರ ಬಿಸಿಲು ತಿಂದ ಮೇಲೆ ಫಿಲ್ಮ್ ತನ್ನ ಮೊದಲಿನ ಅಳತೆಗೆ ವಾಪಸ್ ಹೋಗಲು ನೋಡುತ್ತದೆ, ಅಂಚು ಏಳುತ್ತದೆ, ಕೆಳಗೆ ಧೂಳು ಸೇರಿ ಕಪ್ಪು ಗೆರೆಯಾಗುತ್ತದೆ. ಕೆಲಸ ಬಲ್ಲವನು ಎಳೆತವನ್ನು ಅಗಲ ಜಾಗಕ್ಕೆ ಹಂಚುತ್ತಾನೆ, ಅಂಚನ್ನು ಸಡಿಲವಾಗಿ ಕೂರಿಸುತ್ತಾನೆ, ಜಾಗ ಇದ್ದ ಕಡೆ ಒಳಕ್ಕೆ ಮಡಿಸುತ್ತಾನೆ.

ಆದ್ದರಿಂದ ಅಂಗಡಿಗೆ ಹೋದಾಗ ಫೋಟೋ ಆಲ್ಬಮ್ ನೋಡಬೇಡಿ. ಅವರೇ ಒಂದೆರಡು ವರ್ಷದ ಹಿಂದೆ ಮಾಡಿದ ಕಾರು ಸರ್ವಿಸಿಗೆ ಬಂದಿದ್ದರೆ ತೋರಿಸಿ ಅನ್ನಿ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಹೆಡ್‌ಲ್ಯಾಂಪಿನ ಸುತ್ತಲ ಅಂಚು, ಬಂಪರ್ ಮೂಲೆ, ಮಿರರ್ ಕೆಳಭಾಗ ನೋಡಿ. ಬೆರಳು ಸವರಿದರೆ ಉಗುರಿಗೆ ಅಂಚು ಸಿಕ್ಕುತ್ತದೆಯೇ? ಒಳಗೆ ಕೂದಲು, ಧೂಳಿನ ಕಣ ಇವೆಯೇ? ಒಂದೆರಡು ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಆಪರೇಷನ್ ಥಿಯೇಟರಿನಲ್ಲಿ ಮಾಡುವ ಕೆಲಸವಲ್ಲ ಇದು. ಆದರೆ ರಸ್ತೆ ಬದಿಯಲ್ಲಿ ಶಟರ್ ತೆರೆದಿಟ್ಟುಕೊಂಡು, ಪಕ್ಕದಲ್ಲೇ ಕಾರು ಪಾಲಿಶ್ ಮಾಡುತ್ತಿದ್ದರೆ ಅಲ್ಲಿಂದ ಹೊರಡಿ.

ಬ್ಲೇಡ್ ಬಗ್ಗೆ ಕೇಳಲೇಬೇಕು. ಕೆಲವರು ನಿಮ್ಮ ಮಾಡೆಲ್‌ಗೆ ತಕ್ಕ ಅಳತೆಯನ್ನು ಕಂಪ್ಯೂಟರಿನಿಂದ ಪ್ಲಾಟರ್ ಎಂಬ ಯಂತ್ರಕ್ಕೆ ಕೊಟ್ಟು ಕತ್ತರಿಸುತ್ತಾರೆ. ಕೆಲವರು ಇಡೀ ಹಾಳೆ ಹಾಸಿ ಕಾರಿನ ಮೇಲೆಯೇ ಬ್ಲೇಡ್ ಎಳೆಯುತ್ತಾರೆ. ಎರಡನೆಯದರಲ್ಲಿ ಅಂಚು ಇನ್ನೂ ನೀಟಾಗಿ ಬರಬಹುದು, ಆದರೆ ಕೆಳಗಿರುವುದು ಎ4 ಹಾಳೆಯಷ್ಟು ಪೇಂಟ್! ಕೈ ಒಂದು ಕೂದಲು ಹೆಚ್ಚು ಒತ್ತಿದರೆ ಗೀರು ಪೇಂಟಿಗೆ. ಅದು ನಿಮಗೆ ಗೊತ್ತಾಗುವುದು ಫಿಲ್ಮ್ ತೆಗೆದ ದಿನ.

ನೀರನ್ನೂ ಕೇಳಿ. ಶಾಂಪೂ ಬೆರೆಸಿದ ನೀರು ಸಿಂಪಡಿಸಿ ಫಿಲ್ಮ್ ಜಾರಿಸುತ್ತಾರೆ, ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಅಂಟು ಹಿಡಿಸುತ್ತಾರೆ, ಸ್ಕ್ವೀಜಿ ಎಂಬ ಒರೆಸುವ ಪಟ್ಟಿಯಿಂದ ನೀರು ಹೊರತಳ್ಳುತ್ತಾರೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಎಷ್ಟಿದೆ ಎಂದು ನಿಮ್ಮ ಗೀಸರ್ ನೋಡಿದರೆ ತಿಳಿಯುತ್ತದೆ. ಅದೇ ನೀರು ಫಿಲ್ಮ್ ಕೆಳಗೆ ಒಣಗಿದರೆ ಕಲೆ ಒಳಗೇ ಉಳಿಯುತ್ತದೆ, ಒರೆಸಲು ಬರುವುದಿಲ್ಲ. ಆರ್‌ಒ ನೀರು ಬಳಸುವ ಅಂಗಡಿ ಸಿಕ್ಕರೆ ಒಳ್ಳೆಯದು. ಹಾಕಿಸಿದ ಮೊದಲ ದಿನಗಳಲ್ಲಿ ಕಾಣುವ ಸಣ್ಣ ನೀರಿನ ಗುಳ್ಳೆಗಳಿಗೆ ಹೆದರಬೇಡಿ, ಒಣಗುತ್ತವೆ. ಮಂಗಳೂರಿನ ಮಳೆಗಾಲದಲ್ಲಿ ಇನ್ನೂ ತಡ. ಒಂದು ವಾರ ಕಾರು ತೊಳೆಯಬೇಡಿ.

ಹೊಸ ಕಾರಾದರೂ ಮೊದಲು ಪೇಂಟ್ ಗೇಜ್ ಇಟ್ಟು ಪೇಂಟಿನ ದಪ್ಪ ಅಳೆಸಿ. ಸಾಗಣೆಯಲ್ಲೋ ಯಾರ್ಡ್‌ನಲ್ಲೋ ಗೀರಿ, ಟಚಪ್ ಆದ ಕಾರುಗಳೂ ಹೊಸದಾಗೇ ಮಾರಾಟವಾಗುತ್ತವೆ. ಉಳಿದ ಕಡೆ 120 ಮೈಕ್ರಾನ್ ಇದ್ದು ಒಂದು ಬಾಗಿಲಲ್ಲಿ ಮಾತ್ರ 250 ತೋರಿಸಿದರೆ ಪ್ರಶ್ನೆ ಕೇಳಿ. ಗ್ಯಾರೇಜಿನ ಪೇಂಟ್ ಸುಮಾರು 60 ಡಿಗ್ರಿಯಲ್ಲಿ ಒಣಗಿದ್ದು, ಕಾರ್ಖಾನೆಯದರಷ್ಟು ಬಿಗಿಯಾಗಿ ಹಿಡಿದಿರುವುದಿಲ್ಲ. ಮುಂದೆ ಫಿಲ್ಮ್ ಕಿತ್ತಾಗ ಪೇಂಟೂ ಜೊತೆಗೆ ಬರಬಹುದು.

ಇಡೀ ಕಾರಿಗೆ ಬೇಕಾ? ಒಳ್ಳೆ ಟಿಪಿಯು ಪೂರ್ತಿ ಹಾಕಿಸಿದರೆ ಬಿಲ್ ಲಕ್ಷದ ಆಸುಪಾಸಿಗೆ ಹೋಗುತ್ತದೆ, ದೊಡ್ಡ ಕಾರಾದರೆ ಇನ್ನೂ ಮೇಲೆ. ಆದರೆ ಕಲ್ಲು ಬಡಿಯುವುದು ಹೆಚ್ಚಾಗಿ ಮುಂಭಾಗಕ್ಕೆ. ಬಂಪರ್, ಬಾನೆಟ್, ಮುಂದಿನ ಫೆಂಡರ್, ಮಿರರ್, ಹೆಡ್‌ಲ್ಯಾಂಪ್, ಹಿಂದಿನ ಚಕ್ರದ ಮುಂದಿನ ಜಾಗ, ಬಾಗಿಲ ಅಂಚು, ಹಿಡಿಕೆ ಒಳಗಿನ ಗುಳಿ. ಇಷ್ಟಕ್ಕೆ ಒಳ್ಳೆ ಫಿಲ್ಮ್ ಹಾಕಿಸುವುದು, ಇಡೀ ಕಾರಿಗೆ ಅಗ್ಗದ್ದು ಸುತ್ತಿಸುವುದಕ್ಕಿಂತ ಎಷ್ಟೋ ವಾಸಿ. ಹಕ್ಕಿ ಹಿಕ್ಕೆ, ಮರದ ಅಂಟು ಬೀಳುವ ಕಡೆ ದಿನವೂ ನಿಲ್ಲಿಸುವವರು ರೂಫನ್ನೂ ಸೇರಿಸಲಿ. ಆದರೆ ಫಿಲ್ಮ್ ಇದೆ ಅಂತ ಹಿಕ್ಕೆ ಬಿಡಬೇಡಿ, ಟಾಪ್ ಕೋಟ್ ಮೇಲೂ ಕಲೆ ಕೂರುತ್ತದೆ.

ಪೂರ್ತಿ ಹಾಕಿಸುವುದೇ ಆದರೆ, ಸಾಮಾನ್ಯ ರೋಲ್ 1.52 ಮೀಟರ್ ಅಗಲ, 15 ಮೀಟರ್ ಉದ್ದ ಇರುತ್ತದೆ, ಒಂದು ಕಾರಿಗೆ ಹೆಚ್ಚುಕಡಿಮೆ ಒಂದು ರೋಲ್. ಸೀಲ್ ಒಡೆಯುವಾಗ ಎದುರಿಗೇ ಇದ್ದು ರೋಲಿನ ಸೀರಿಯಲ್ ನಂಬರ್ ಫೋಟೋ ತೆಗೆದುಕೊಳ್ಳಿ. ವಾರಂಟಿ ಕಾರ್ಡಿನಲ್ಲಿ ಅದೇ ನಂಬರ್ ಇರಬೇಕು. ಹಳದಿಯಾಗುವುದು, ಬಿರುಕು, ಅಂಟು ಬಿಡುವುದು ಸಾಮಾನ್ಯವಾಗಿ ವಾರಂಟಿಗೆ ಬರುತ್ತವೆ, ಕಲ್ಲೇಟು ಬರುವುದಿಲ್ಲ. ಫಿಲ್ಮ್ ಬದಲಿಸಿಕೊಟ್ಟರೂ ಕೂಲಿ ಯಾರದು ಎಂದು ಓದಿ ನೋಡಿ. ಮ್ಯಾಟ್ ಅಥವಾ ಬಣ್ಣದ ಫಿಲ್ಮ್ ಮನಸ್ಸಿಗೆ ಬಂದಿದ್ದರೆ, ಬಣ್ಣ ಬದಲಾದದ್ದು ಆರ್‌ಸಿಯಲ್ಲೂ ದಾಖಲಾಗಬೇಕು, ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು ರೇಟನ್ನೂ ಈಗಲೇ ಕೇಳಿ ಬರೆಸಿಕೊಳ್ಳಿ: ಕೆಲವು ವರ್ಷ ಕಳೆದ ಮೇಲೆ ಇದೇ ಫಿಲ್ಮನ್ನು ಬಿಸಿ ಮಾಡಿ, ಪೇಂಟಿಗೆ ಗಮ್ ಉಳಿಯದಂತೆ ಬಿಡಿಸಿಕೊಡಲು ಎಷ್ಟು ತೆಗೆದುಕೊಳ್ಳುತ್ತಾರೆ ಅಂತ.